ಪೂರ್ವ ಗ್ಯಾಲರಿಯ ಕೆಳಗೆ ನನ್ನ ಜಾಡಿಗಳು

ಸೋದೊಲ್ ಬೀದಿ
೨೦೦೨ ಮೇ ೨೪, ಶುಕ್ರವಾರ

ಮಿರಾನ್‌ಗೆ,

ಹೆತ್ತವಳು ಬರೆಯುತ್ತಿದ್ದೇನೆ. ಕಾಗದದ ಮೊದಲಿಗೆ ಊಟವಾಯಿತೇ ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. ಈ ಸಲ ಕೇಳುವುದಿಲ್ಲ. ಉಂಡಿದ್ದೀಯೋ ಉಪವಾಸವಿದ್ದೀಯೋ, ಅದು ನಿನಗೂ ನಿನ್ನ ಹೊಟ್ಟೆಗೂ ಬಿಟ್ಟದ್ದು.

ಫೋನಿನಲ್ಲೇ ಬೈದು ಮುಗಿಸೋಣ ಎಂದರೆ ನೀನು ಎತ್ತುವುದಿಲ್ಲ. ಎತ್ತಿದರೂ "ಅಮ್ಮಾ, ಮೀಟಿಂಗಲ್ಲಿದೀನಿ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀ. ಆ 'ಆಮೇಲೆ' ಯಾವ ಕ್ಯಾಲೆಂಡರಿನಲ್ಲಿ ಬರುತ್ತದೋ ನಾನು ಇನ್ನೂ ಕಂಡಿಲ್ಲ. ಕಾಗದವನ್ನು ಹಾಗೆ ನಡುವೆ ಕತ್ತರಿಸಲು ಆಗುವುದಿಲ್ಲ. ಹರಿದು ಹಾಕಬಹುದು. ಆದರೆ ಓದಿಯೇ ಹರಿಯುತ್ತೀ, ನಿನ್ನನ್ನು ನಾನು ಬಲ್ಲೆ. ಮೀನು ಕಟ್ಟಿಕೊಂಡು ಬಂದ ಪೇಪರನ್ನೂ ಬಿಡಿಸಿ ಓದುತ್ತಿದ್ದ ಹುಡುಗಿ ನೀನು. ನನ್ನ ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ಜಪಾನಿನವರು ನಮ್ಮನ್ನು ಆಳುತ್ತಿದ್ದ ಕಾಲ, ಹಳ್ಳಿ ಶಾಲೆಯಲ್ಲಿ ನನಗೆ ಹೊಡೆದು ಕಲಿಸಿದ್ದು ಜಪಾನೀ ಅಕ್ಷರ. ನಮ್ಮದನ್ನು ಮದುವೆಯಾದ ಮೇಲೆ ನಾದಿನಿಯ ಪುಸ್ತಕ ನೋಡಿ ನಾನೇ ಕಲಿತುಕೊಂಡೆ. ಈಗ ಅದೇ ಜಪಾನಿನವರ ಜೊತೆ ಹೆಗಲಿಗೆ ಕೈ ಹಾಕಿ ಫುಟ್‌ಬಾಲ್ ವಿಶ್ವಕಪ್ ನಡೆಸುತ್ತಿದ್ದೀರಂತೆ. ನಡೆಸಿ. ಅದು ನನ್ನ ತಂಟೆಯಲ್ಲ. ನನ್ನ ತಂಟೆ ನನ್ನ ಜಾಡಿಗಳದ್ದು.

ನನ್ನ ಜಾಡಿಗಳು ಇನ್ನೂ ನಿಮ್ಮ ಕ್ರೀಡಾಂಗಣದ ಒಳಗೇ ಇವೆ. ಪೂರ್ವ ಗ್ಯಾಲರಿಯ ಕೆಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಬಾಯಿಗೆ ಪ್ಲಾಸ್ಟಿಕ್ ಬಿಗಿಸಿಕೊಂಡು ಕೂತಿವೆ. ಮೊನ್ನೆ ಬುಧವಾರ ಸಂಜೆ ಆ ಬಾಗಿಲು ಮುಚ್ಚಿದರು. ಇನ್ನು ಆಟಗಳೆಲ್ಲ ಮುಗಿದು ಜೂನ್ ಕಳೆಯುವವರೆಗೆ ತೆಗೆಯುವುದಿಲ್ಲವಂತೆ. ಅಷ್ಟರಲ್ಲಿ ಮಳೆಗಾಲ ಹಿಡಿದಿರುತ್ತದೆ. ಜಾಡಿಯಲ್ಲಿ ಉಪ್ಪುನೀರಿಗೆ ಹುದುಗು ಹಾಕಿದ ಸೋಯಾ, ನಮ್ಮ ಜಾಂಗ್, ಮೇ ತಿಂಗಳ ಬಿಸಿಲು ಕಾಣದೆ ಮಳೆಗಾಲಕ್ಕೆ ಸಿಕ್ಕಿದರೆ ಏನಾಗುತ್ತದೆಂದು ನಿನಗೆ ಹೇಳಿಕೊಡಬೇಕೇ? ಹುಳ ಬೀಳುತ್ತದೆ. ಈ ವರ್ಷದ ರಸ ಹೋಯಿತು, ಹಿಂಡಿ ಹೋಯಿತು. ಅದು ಹೋದರೆ ಹೋಗಲಿ, ಮುಂದಿನ ವರ್ಷ ಸೋಯಾ ಕಾಳು ಬೇಯಿಸಿ ಮತ್ತೆ ಹಾಕಬಹುದು. ಆದರೆ ಹಳೆಯ ರಸದ ಜಾಡಿ? ನಿನ್ನ ಅಜ್ಜಿ, ಅಂದರೆ ನನ್ನ ಅತ್ತೆ, ಬದುಕಿರುವಷ್ಟು ದಿನ ನನಗೆ ಒಂದು ಒಳ್ಳೆಯ ಮಾತು ಕೊಡಲಿಲ್ಲ. ಕೊಟ್ಟದ್ದು ಅದೊಂದು ಜಾಡಿ. ಪ್ರತಿ ವರ್ಷ ಅದರಿಂದ ಒಂದು ಸೌಟು ತೆಗೆದು ಹೊಸ ರಸಕ್ಕೆ ಹಾಕುವುದು, ಹೊಸದು ಪಕ್ವವಾದ ಮೇಲೆ ಒಂದು ಸೌಟು ಅದಕ್ಕೆ ಮರಳಿಸುವುದು. ಹೀಗಾಗಿ ಅದು ಎಂದೂ ಬರಿದಾಗಿಲ್ಲ. ಯುದ್ಧದಲ್ಲಿ ಊರು ಬಿಟ್ಟು ಓಡುವಾಗ ನಿನ್ನ ಅಜ್ಜಿ ಅದನ್ನು ಹಿತ್ತಲಲ್ಲಿ ಹೂತು ಹೋಗಿದ್ದರು. ಮರಳಿ ಬಂದಾಗ ಮನೆ ಸುಟ್ಟಿತ್ತು, ಜಾಡಿ ಇತ್ತು. ಬಾಂಬಿಗೆ ಉಳಿದದ್ದು ನಿಮ್ಮ ಚೆಂಡಾಟಕ್ಕೆ ಸಾಯುತ್ತದೆ.

ನೀನು ಓದಿದವಳು, ಮೊದಲಿನಿಂದ ಹೇಳು ಎನ್ನುತ್ತೀ. ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ನನ್ನ ಬಾಯಿಂದ ಹೇಗೆ ಕೇಳಿಸುತ್ತದೋ ನೋಡು.

ಏಪ್ರಿಲ್ ಕೊನೆಯಲ್ಲಿ ಜಾಂಗ್ ಸೋಸಿ, ರಸ ಬೇರೆ ಹಿಂಡಿ ಬೇರೆ ಮಾಡಿ ಮುಗಿಸಿದ್ದೆ. ಇನ್ನೂ ಸೊಂಟ ನೆಟ್ಟಗಾಗಿರಲಿಲ್ಲ, ನಮ್ಮ ಬೀದಿಯ ಮುಖ್ಯಸ್ಥೆ ಬಾಂಗ್ ತಾರಸಿಗೆ ಹತ್ತಿ ಬಂದಳು. ಕುತ್ತಿಗೆಗೆ ವಿಶ್ವಕಪ್ಪಿನ ಕೆಂಪು ಕರವಸ್ತ್ರ, ಈ ವಯಸ್ಸಿಗೆ. ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ಶುರು ಮಾಡಿದಳು.

"ಮಿರಾನ್ ಅಮ್ಮಾ, ಕ್ರೀಡಾಂಗಣದ ಮೇಲಿನ ಸಾಲಲ್ಲಿ ಕೂತ್ರೆ ನಮ್ಮ ಬೀದಿ ತಾರಸಿಗಳೆಲ್ಲ ಕಾಣ್ತಾವಂತೆ."

"ಕಾಣಲಿ ಬಿಡು. ನಾವೇನು ತಾರಸಿ ಮೇಲೆ ಬೆತ್ತಲೆ ಮಲಗಿದೀವಾ?"

"ಅಯ್ಯೋ ಅದಲ್ಲ, ಜಾಡಿಗಳು. ಟೀವಿಯವರ ಕ್ಯಾಮೆರಾ ಈ ಕಡೆ ತಿರುಗಿದಾಗ ಚೆನ್ನಾಗಿರಲ್ವಂತೆ. ಆಟ ಮುಗಿಯೋವರೆಗೆ ಇಳಿಸಿಡಿ ಅಂತ ಮೇಲಿನವರು ಹೇಳಿದಾರೆ. ಇಡೋಕೆ ಜಾಗಾನೂ ಅವರೇ ಕೊಡ್ತಾರೆ."

"ಆ ಮೇಲಿನವರು ಸೊಪ್ಪಿನ ಸಾರಿಗೆ ಏನು ಹಾಕ್ಕೊಂಡು ತಿಂತಾರೆ ಅಂತ ಕೇಳ್ಕೊಂಡು ಬಾ. ಆಮೇಲೆ ಮಾತಾಡೋಣ."

"ನನ್ನ ಮೇಲೆ ಯಾಕ್ರೀ ಹಾರ್ತೀರಿ? ನಿಮ್ಮ ಮಿರಾನೇ ಅಲ್ಲಿ ಸ್ವಾಗತ ವಿಭಾಗದಲ್ಲಿ ದೊಡ್ಡ ಕುರ್ಚಿ ಮೇಲೆ ಕೂತಿಲ್ವಾ? ಅವಳನ್ನೇ ಕೇಳಿ."

ನಿನ್ನ ಹೆಸರು ಎತ್ತಿದ್ದಕ್ಕೆ ಅವಳನ್ನು ಪೊರಕೆ ಹಿಡಿದು ಇಳಿಸಿದೆ. ನನ್ನ ಮಗಳಿಗೆ ಜಾಂಗ್ ಅಂದರೇನೆಂದು ಗೊತ್ತು, ಹೆಬ್ಬಾಗಿಲು ಮುರಿದು ಕಳ್ಳ ಬಂದರೂ ಅವಳು ಜಾಡಿಗೆ ಕೈಹಾಕಲು ಬಿಡುವುದಿಲ್ಲ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಬೀದಿಯವರಿಗೂ ಧೈರ್ಯ ಬಂತು. ಮಿರಾನ್ ಅಮ್ಮ ಇಳಿಸದಿದ್ದರೆ ನಾವೂ ಇಳಿಸುವುದಿಲ್ಲ ಎಂದರು. ಆ ಕೂಗು ನೆನೆದರೆ ಈಗ ನನ್ನ ಕಿವಿಯೇ ಸುಡುತ್ತದೆ.

ಮರುವಾರ ತಂದೆತಾಯಿಯರ ದಿನ. ನೀನು ಬಂದೆ. ಎದೆಗೆ ಕೆಂಪು ಹೂವು ಚುಚ್ಚಿದೆ, ಬಿಸಿನೀರ ಬುಗ್ಗೆಯ ಊರಿಗೆ ಬಸ್ಸಿನ ಪ್ರವಾಸ ಗೊತ್ತುಮಾಡಿದ್ದೇನೆ ಎಂದೆ. "ಸೊಂಟನೋವಿಗೆ ಒಳ್ಳೇದಮ್ಮ, ಪಕ್ಕದ ಮನೆ ಇಮ್ಸಿಲ್ ಅತ್ತೇನೂ ಕರ್ಕೊಂಡು ಹೋಗು, ಇಬ್ಬರಿಗೂ ನಾನೇ ಗೊತ್ತುಮಾಡಿದೀನಿ" ಎಂದೆ. ಜಾಡಿಯ ಮಾತು ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಗಳಿಗೆ ಅಷ್ಟು ಕೆಲಸದ ನಡುವೆಯೂ ನನ್ನ ಸೊಂಟ ನೆನಪಿದೆಯಲ್ಲ ಎಂದು ನಾನು ಕರಗಿ ನೀರಾದೆ. ಜಾಡಿಗಳ ಮುಚ್ಚಳ ಬೆಳಿಗ್ಗೆ ತೆಗೆದು ಸಂಜೆ ಮುಚ್ಚು ಎಂದು ನಿನ್ನ ತಮ್ಮ ಜೊಂಗ್ತೆಗೆ ಹತ್ತು ಸಲ ಹೇಳಿ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಮುದುಕಿಯರೆಲ್ಲ ನಡುದಾರಿಯಲ್ಲಿ ನಿಂತು ಕುಣಿದರು. ನಾನೂ ಕುಣಿದೆ ಮಿರಾನ್. ಇಮ್ಸಿಲ್ ಕೈಹಿಡಿದು ಎಳೆದಳು, ಹಾಡಿನ ಸದ್ದಿಗೆ ಕಿಟಕಿ ಗಾಜು ನಡುಗುತ್ತಿತ್ತು. ನನ್ನ ಮಗಳ ಪ್ರವಾಸ, ನನ್ನ ಮಗಳ ಪ್ರವಾಸ ಎಂದು ಸುತ್ತಲಿನವರಿಗೆ ಹೇಳಿಕೊಂಡು ಬೆವರು ಇಳಿಯುವವರೆಗೆ ಕುಣಿದೆ. ನಾನು ಅಲ್ಲಿ ಕುಣಿಯುತ್ತಿದ್ದಾಗ ಇಲ್ಲಿ ನನ್ನ ಜಾಡಿಗಳು ಒಂದೊಂದಾಗಿ ಮೆಟ್ಟಿಲು ಇಳಿಯುತ್ತಿದ್ದವು.

ಮರಳಿ ಬಂದವಳು ಕೈಚೀಲ ಇಡುವ ಮುಂಚೆ ತಾರಸಿಗೆ ಹತ್ತಿದೆ. ನೆಲಕ್ಕೆಲ್ಲ ಹಸಿರು ಬಣ್ಣ ಬಳಿದಿದ್ದರು. ಮೇಲಿನಿಂದ ನೋಡುವವರಿಗೆ ಹುಲ್ಲುಹಾಸಿನ ಹಾಗೆ ಕಾಣಬೇಕಂತೆ. ಬೀದಿಯ ಉದ್ದಕ್ಕೂ ಪ್ರತಿ ತಾರಸಿ ಹಸಿರು, ಪ್ರತಿ ತಾರಸಿ ಖಾಲಿ. ನಾನು ಇಳಿಸದಿದ್ದರೆ ಇಳಿಸುವುದಿಲ್ಲ ಎಂದಿದ್ದ ಹೆಂಗಸರು ನನ್ನ ಜಾಡಿ ಇಳಿದದ್ದನ್ನು ಕಂಡು ಸುಮ್ಮನೆ ತಮ್ಮದನ್ನೂ ಒಪ್ಪಿಸಿದ್ದರು. ಜೊಂಗ್ತೆ ಹಿಂದೆಯೇ ಬಂದು ತಲೆ ಕೆರೆಯುತ್ತ ನಿಂತ.

"ಏನೋ ಇದು?"

"ತಾರಸಿ ಸೋರತ್ತೆ ಅಂತ ನೀನೇ ಹೇಳ್ತಿದ್ಯಲ್ಲಮ್ಮ. ಪುಕ್ಕಟೆ ಬಳಿದು ಕೊಟ್ಟಿದಾರೆ."

"ಬಣ್ಣ ಕೇಳಿಲ್ಲ. ಜಾಡಿ ಎಲ್ಲೋ?"

"ಕ್ಷೇಮವಾಗಿವೆ ಕಣಮ್ಮ."

"ಕ್ಷೇಮವಾಗಿರೋಕೆ ಅವೇನು ಮಿಲಿಟರಿಗೆ ಹೋಗಿದಾವಾ? ಎಲ್ಲಿ ಅಂದೆ."

ಆಗ ಬಾಯಿಬಿಟ್ಟ. ಅಕ್ಕ ಹೇಳಿದಳು, ಅಕ್ಕನೇ ಆಳುಗಳನ್ನು ಕಳಿಸಿದಳು, ಅಕ್ಕನೇ ಜಾಗ ಕೊಡಿಸಿದಳು. ಬೇರೆ ಬೀದಿಯವರ ಜಾಡಿಗಳನ್ನು ಊರಾಚೆ ಬಯಲಿಗೆ ಸಾಗಿಸಿದರಂತೆ, ಅರ್ಧ ದಾರಿಯಲ್ಲೇ ಒಡೆದವಂತೆ. ನಮ್ಮ ಬೀದಿಯದಕ್ಕೆ ಮಾತ್ರ ಅಕ್ಕ ಕ್ರೀಡಾಂಗಣದೊಳಗೇ ಕೋಣೆ ಮಾಡಿಸಿದಳು, ದೊಡ್ಡ ಅತಿಥಿಗಳು ಕೂರುವ ಗ್ಯಾಲರಿಯ ಕೆಳಗೆ, ಎಂದು ನಿನ್ನ ಗುಣಗಾನ ಬೇರೆ. "ಅಕ್ಕಂಗೆ ನಿನ್ನ ಮೇಲೆ ಎಷ್ಟು ಪ್ರೀತಿ ನೋಡಮ್ಮ" ಎಂದ. ಆ ಪ್ರೀತಿಗೆ ನನ್ನ ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲವೇ? ಬಿಸಿನೀರಿನಲ್ಲಿ ಮುಳುಗಿಸಿಟ್ಟು ಮಾಡಬೇಕಿತ್ತೇ?

ಇನ್ನೂ ಕೇಳು ನಿನ್ನ ತಮ್ಮನ ಜಾಣತನ. "ವಾಸನೆ ಆಚೆ ಬರಬಾರದು ಅಂತ ಅಕ್ಕ ಬಡ್ಕೊಂಡಳು. ಅದಕ್ಕೇ ಎಲ್ಲ ಜಾಡಿ ಬಾಯಿಗೂ ಪ್ಲಾಸ್ಟಿಕ್ ಸುತ್ತಿ, ಪಾರ್ಸೆಲ್ ಟೇಪ್ ಹಾಕಿ ಬಿಗಿ ಮಾಡಿದೀನಿ. ಒಂದು ತೊಟ್ಟು ಚೆಲ್ಲಲ್ಲ" ಎಂದು ಎದೆಯುಬ್ಬಿಸಿದ. ಜಾಂಗ್ ಮನೆಯಲ್ಲಿ ಹುಟ್ಟಿ ಬೆಳೆದವನು! ಜಾಡಿಯ ಮೈಗೇ ಉಸಿರಿರಲಿ ಎಂದು ಕುಂಬಾರ ಅದನ್ನು ಹಾಗೆ ಸುಟ್ಟಿರುತ್ತಾನೆ. ಬಾಯಿಗೆ ನಾವು ಕಟ್ಟುವುದು ತೆಳುಬಟ್ಟೆ, ಅದನ್ನೂ ಹಗಲು ಬಿಸಿಲಿಗೆ ಬಿಚ್ಚುತ್ತೇವೆ. ಇವನು ಜೀವಂತ ಇರುವುದರ ಮೂಗುಬಾಯಿ ಮುಚ್ಚಿ ಕತ್ತಲೆಗೆ ದೂಡಿದ್ದಾನೆ. ಬೈದೆ. ಅವನ ಹೆಂಡತಿ ಮಗಳು ಕೆಳಗೆ ಹೆದರಿ ಕೂತರು. ಆಮೇಲೆ ಒಂದು ವಾರ ಅವನು ತನ್ನ ಟ್ಯಾಕ್ಸಿಯಲ್ಲೇ ಊಟ ಮಾಡಿದ.

ಆ ವಾರವೆಲ್ಲ ತಾರಸಿಯ ಮೇಲೆ ನಿಂತು ನಿಮ್ಮ ಕ್ರೀಡಾಂಗಣವನ್ನೇ ನೋಡಿದೆ. ಹಾರುವ ಕೊಕ್ಕರೆಯ ರೆಕ್ಕೆ ಎಂದು ಪತ್ರಿಕೆಯಲ್ಲಿ ಬರೆಯುತ್ತೀರಿ. ನನ್ನ ಕಣ್ಣಿಗೆ ಮಗುಚಿ ಹಾಕಿದ ಬಾಣಲೆ. ಅದರ ದಕ್ಷಿಣದ ಕಡೆ ಚಾವಣಿಯನ್ನು ಕತ್ತರಿಸಿ ಬಿಟ್ಟಿದ್ದೀರಿ, ಏಕೆಂದರೆ ಒಳಗಿನ ಹುಲ್ಲಿಗೆ ಬಿಸಿಲು ಬೇಕು. ಹುಲ್ಲು ಬೆಳಿಗ್ಗೆಯ ಬಿಸಿಲು ಕುಡಿಯುತ್ತದೆ, ಮಧ್ಯಾಹ್ನ ನೀರು ಕುಡಿಯುತ್ತದೆ, ಅದಕ್ಕೆ ಬೇರೆ ಆಳುಗಳಿದ್ದಾರೆ, ಅದರ ಮೇಲೆ ನಡೆಯಲೂ ಬಿಡುವುದಿಲ್ಲ. ದನವೂ ತಿನ್ನದ ಹುಲ್ಲಿಗೆ ಇಷ್ಟು ಬಿಸಿಲು ಹೊಂದಿಸಿದವರಿಗೆ, ಜನ ತಿನ್ನುವ ಜಾಂಗ್‌ಗೆ ಒಂದು ಕಿಟಕಿ ಸಿಗಲಿಲ್ಲ.

ಹೋದ ಶನಿವಾರ ಇಮ್ಸಿಲ್ ಓಡಿ ಬಂದಳು. ಅವಳ ಅಕ್ಕನ ಮಗ ದುಮಾನ್ ಅಲ್ಲಿ ಕರೆಂಟಿನ ಕೆಲಸಕ್ಕಿದ್ದಾನೆ, ನಿನಗೆ ಗೊತ್ತು. ಅವಳಿಗೆ ನಗು ತಡೆಯಲಾಗುತ್ತಿಲ್ಲ, ನನಗೆ ಹೆದರಿಕೆ.

"ನಿನ್ನ ಮೆಣಸಿನ ಹಿಂಡಿ ಎದ್ದುಬಿಟ್ಟಿದೆ ಕಣೇ ಮಿರಾನ್ ಅಮ್ಮಾ!"

"ಎದ್ದಿದೆ ಅಂದ್ರೆ?"

"ಉಬ್ಬಿ ಉಬ್ಬಿ ಟೇಪ್ ಕಿತ್ಕೊಂಡು, ಮುಚ್ಚಳ ಹಾರಿಸಿ, ಬಾಗಿಲ ಕೆಳಗಿನಿಂದ ಆಚೆ ಹರಿದಿದೆಯಂತೆ. ಕಾವಲಿನ ನಾಯಿ ಅದನ್ನ ನೆಕ್ಕಿ ಊಳಿಟ್ಟು ಊಳಿಟ್ಟು, ರಕ್ತ ಅಂದ್ಕೊಂಡು ಪೊಲೀಸ್ನೋರು ಓಡಿ ಬಂದು, ಕ್ರೀಡಾಂಗಣ ಪರೀಕ್ಷೆ ಮಾಡೋಕೆ ಬಂದು ಮೇಲೆ ಕೂತಿದ್ದ ವಿದೇಶದವರೆಲ್ಲ ಮೂಗು ಮುಚ್ಕೊಂಡು ಎದ್ದರಂತೆ! ನಿನ್ನ ಹಿಂಡಿ ಒಂದು ಗೋಲು ಹೊಡೀತು ನೋಡು."

ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ? ಹೊಟ್ಟೆ ತುಂಬಾ ನಕ್ಕೆ. ಸಂಜೆ ಜೊಂಗ್ತೆ ಬಂದು ಹೇಳಿದ ಮೇಲೆ ನಗು ನಿಂತಿತು. ನಿನ್ನ ಮೇಲಧಿಕಾರಿ ಕೆಂಡವಾಗಿದ್ದಾನಂತೆ. ಅತಿಥಿಗಳ ಕಾಲಡಿಗೆ ಈ ಗಬ್ಬು ಜಾಡಿಗಳನ್ನು ತಂದಿಟ್ಟವರು ಯಾರು, ಯಾರಿಗೆ ಬೇಕಾದವರ ಜಾಡಿಗಳು ಇವು, ಪತ್ತೆಹಚ್ಚಿ ಕೆಲಸದಿಂದ ಕಿತ್ತುಹಾಕುತ್ತೇನೆ ಎಂದು ಕೂಗಾಡಿದ್ದಾನಂತೆ. "ಅಕ್ಕ ಆಫೀಸಲ್ಲಿ ನಮ್ಮ ಬೀದಿಯವಳು ಅಂತ ಹೇಳ್ಕೊಂಡೇ ಇಲ್ಲಮ್ಮ. ಉಕ್ಕಿ ಹರಿದಿದ್ದು ಅವಳ ಅಮ್ಮನ ಜಾಡಿ ಅಂತ ಗೊತ್ತಾದ್ರೆ ಅವಳ ಕಥೆ ಮುಗೀತು" ಎಂದ. ಬೀದಿಯವಳು ಎಂದು ಹೇಳಿಕೊಂಡಿಲ್ಲ ಎಂಬ ಮಾತನ್ನು ಅವನು ಎಷ್ಟು ಸಲೀಸಾಗಿ ಹೇಳಿದ, ನನಗೆ ಹಾಗೆ ಸಲೀಸಾಗಿ ಇಳಿಯಲಿಲ್ಲ.

ಬುಧವಾರದ ವಿಷಯಕ್ಕೆ ಬರುತ್ತೇನೆ. ನಿನಗೆ ಇದನ್ನೇ ಓದಬೇಕಾಗಿತ್ತು, ಗೊತ್ತು.

ಅಂದು ಸಂಜೆ ಕೋಣೆಗಳಿಗೆಲ್ಲ ಬೀಗ ಬೀಳುತ್ತದೆ, ಬೇಕಾದವರು ಅದಕ್ಕೆ ಮುಂಚೆ ಬನ್ನಿ ಎಂದು ದುಮಾನ್ ಹೇಳಿ ಕಳಿಸಿದ್ದ. ನಾನೂ ಇಮ್ಸಿಲ್ಲೂ ಕೈಗಾಡಿ ತಳ್ಳಿಕೊಂಡು ಪೂರ್ವದ ಗೇಟಿಗೆ ಹೋದೆವು. ಅಲ್ಲಿದ್ದ ಕಾವಲಿನವನು ಒರಟನಲ್ಲ, ಪಾಪ. ಒಳಗೆ ಕೆಲಸ ಮಾಡುವವರು ಯಾರಾದರೂ ಬಂದು, ಇವರು ನಮ್ಮ ಮನೆಯವರು ಎಂದರೆ ಸಾಕು, ಒಳಗೆ ಬಿಟ್ಟು ಅವರವರ ಜಾಡಿ ಕೊಡುತ್ತೇನೆ ಎಂದ. ದುಮಾನ್ ಬಂದ. "ಇವರು ನಮ್ಮ ಚಿಕ್ಕಮ್ಮ" ಎಂದ. ಮುಗಿಯಿತು, ಇಮ್ಸಿಲ್ ಒಳಗೆ ಹೋಗಿ ತನ್ನ ಎರಡು ಜಾಡಿ ಹೊರಿಸಿಕೊಂಡು ಬಂದಳು. "ಇವರೂ ನಮ್ಮ ಕಡೆಯವರೇ ಸಾರ್" ಎಂದು ಅವನು ನನ್ನನ್ನು ತೋರಿಸಿದರೆ, "ಊರೆಲ್ಲ ನಿನ್ನ ಕಡೆಯವರೇ ಏನಯ್ಯಾ? ಸ್ವಂತದವರು ಇದ್ರೆ ಹೇಳಿ" ಎಂದು ಕಾವಲಿನವನು ನಕ್ಕ.

ನನ್ನ ಸ್ವಂತದವಳು ಆಗಲೇ ಬಂದಳು. ನೀನು ಕಡುನೀಲಿ ಕೋಟು ಹಾಕಿದ್ದೆ, ಕೊರಳಲ್ಲಿ ಗುರುತಿನ ಚೀಟಿ, ಹಿಂದೆ ನಾಲ್ಕೈದು ಮಂದಿ ವಿದೇಶದ ಅತಿಥಿಗಳು, ಪಕ್ಕದಲ್ಲಿ ನಿನ್ನ ಆ ಮೇಲಧಿಕಾರಿ. ನೀನು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದೆ, ಅವರೆಲ್ಲ ನಗುತ್ತಿದ್ದರು. ನಾನು ನಿನ್ನನ್ನು ಇಂಗ್ಲಿಷ್ ಆಡುತ್ತ ಎಂದೂ ನೋಡಿರಲಿಲ್ಲ. ಹೇಳಬಾರದೆಂದು ಇದ್ದೆ, ಹೇಳುತ್ತೇನೆ: ಎಷ್ಟು ಚೆಂದ ಕಾಣುತ್ತಿದ್ದೆ. ಬಾಯಿ ತೆರೆದು ನಿಂತುಬಿಟ್ಟೆ. ನೀನು ನನ್ನನ್ನು ಕಂಡೆ. ಕಣ್ಣು ಕೂಡಿತು. ಕಾಣಲಿಲ್ಲ ಎಂದು ಮಾತ್ರ ಹೇಳಬೇಡ.

ನೀನು ನಾಲ್ಕು ಹೆಜ್ಜೆ ದೂರದವರೆಗೆ ಬಂದು, ಅಲ್ಲಿಂದಲೇ ತಲೆಬಾಗಿಸಿದೆ.

"ಅಜ್ಜಿ, ಇಲ್ಲಿ ಬಿಸಿಲು ಜಾಸ್ತಿ ಇದೆ. ದಯವಿಟ್ಟು ಆ ಕಡೆ ನೆರಳಿಗೆ ಹೋಗಿ ನಿಂತ್ಕೊಳ್ಳಿ."

ನಿನ್ನ ಮೇಲಧಿಕಾರಿ ಕೇಳಿದ, "ಯಾರಿವರು?"

"ಪಕ್ಕದ ಬೀದಿಯವರಿರಬೇಕು ಸಾರ್. ದಾರಿ ತಪ್ಪಿದಾರೆ ಅನ್ಸತ್ತೆ."

ಎಂದು ಹೇಳಿ ಒಳಗೆ ಹೋದೆ. ತಿರುಗಿಯೂ ನೋಡಲಿಲ್ಲ.

ಅಜ್ಜಿ! ನನ್ನ ಕೂದಲು ಬೆಳ್ಳಗಾಗಿದೆ, ಬಸ್ಸಿನಲ್ಲಿ ಅಂಗಡಿಯಲ್ಲಿ ಯಾರು ಯಾರೋ ಅಜ್ಜಿ ಎನ್ನುತ್ತಾರೆ, ಜೊಂಗ್ತೆಯ ಮಗಳು ಅಜ್ಜಿ ಎನ್ನುತ್ತಾಳೆ. ಅದರಿಂದ ನನಗೇನೂ ಮುಪ್ಪು ಹೆಚ್ಚಲಿಲ್ಲ. ನೀನು ಹಾಗಂದಾಗ ಮಾತ್ರ ನಿಂತ ನೆಲ ಸರಿದ ಹಾಗಾಯಿತು. ನೀನು ಹುಟ್ಟಿದ ದಿನದಿಂದ ಈ ಬೀದಿಯಲ್ಲಿ ಯಾರೂ ನನ್ನನ್ನು ಗಪ್ಸುನ್ ಎಂದು ಕರೆದಿಲ್ಲ. ನಿನ್ನ ಅಪ್ಪನೂ ಕರೆಯಲಿಲ್ಲ. ಮಿರಾನ್ ಅಮ್ಮ, ಮಿರಾನ್ ಅಮ್ಮ. ಮೀನಿನವನು, ಹಾಲಿನವನು, ಸಾಯುವಾಗ ನಿನ್ನ ಅಜ್ಜಿಯೂ ಹಾಗೇ ಕರೆದದ್ದು. ಹೆಸರು ಕೇಳಿದರೆ ನನಗೇ ಒಂದು ಗಳಿಗೆ ತಡವರಿಸುತ್ತದೆ. ನಾಡಿನವರೆಲ್ಲ ನಿನ್ನ ಹೆಸರಿಟ್ಟು ನನ್ನನ್ನು ಕರೆಯುತ್ತಾರೆ, ನೀನು ಒಬ್ಬಳು ಅಮ್ಮ ಎಂದು ಕರೆಯಲಾರೆ.

ನನಗೆ ಗೊತ್ತಿದೆ ಇದರ ಬೇರು ಎಲ್ಲಿದೆ ಎಂದು. ಚಳಿಗಾಲದಲ್ಲಿ ಜಾಂಗ್‌ಗೆಂದು ಬೇಯಿಸಿದ ಕಾಳನ್ನು ಜಜ್ಜಿ, ಇಟ್ಟಿಗೆಯ ಹಾಗೆ ತಟ್ಟಿ, ಬೆಚ್ಚನೆಯ ಕೋಣೆಯಲ್ಲಿ ತೂಗುಹಾಕುತ್ತಿದ್ದೆ. ನಮಗಿದ್ದದ್ದು ಅದೊಂದೇ ಬೆಚ್ಚನೆಯ ಕೋಣೆ, ನೀನು ಓದುತ್ತಿದ್ದದ್ದೂ ಅಲ್ಲೇ. ನಿನ್ನ ಶಾಲೆಯ ಅಂಗಿಗೆ ಆ ವಾಸನೆ ಹತ್ತುತ್ತಿತ್ತು. ಯಾವಳೋ ಮೂಗು ಮುಚ್ಚಿಕೊಂಡಳೆಂದು ನೀನು ಅತ್ತು ಬಂದೆ, ಆಮೇಲೆ ಹಿಮದಲ್ಲಿ ಅಂಗಿಯನ್ನು ಹೊರಗೆ ಹಗ್ಗಕ್ಕೆ ಹಾಕಿ, ಬೆಳಿಗ್ಗೆ ಹಪ್ಪಳದಂತೆ ಸೆಟೆದುಕೊಂಡದ್ದನ್ನು ತೊಟ್ಟು ನಡುಗುತ್ತ ಹೋಗುತ್ತಿದ್ದೆ. ಹುಡುಗಿ, ನಾಚಿಕೆ ಇರುತ್ತದೆ, ದೊಡ್ಡವಳಾದರೆ ಹೋಗುತ್ತದೆ ಎಂದು ನಾನು ಅಂದುಕೊಂಡೆ. ಅದೇ ಜಾಂಗ್ ಮಾರುಕಟ್ಟೆಯಲ್ಲಿ ಸೌಟು ಸೌಟು ಮಾರಿ ನಿನ್ನನ್ನು ಓದಿಸಿದೆ ಎಂದು ಈಗ ಹಾಡಿಕೊಳ್ಳುವುದಿಲ್ಲ. ಓದಿಸುವುದು ತಾಯಿಯ ಕೆಲಸ, ಮಾಡಿದೆ. ಆದರೆ ನಾಚಿಕೆ ಹೋಗಲಿಲ್ಲ ನೋಡು, ದೊಡ್ಡದಾಯಿತು. ಮೊದಲು ಒಂದು ಅಂಗಿಯಷ್ಟಿತ್ತು, ಈಗ ಇಡೀ ಬೀದಿಗೆ ಹಸಿರು ಬಣ್ಣ ಬಳಿಯುವಷ್ಟಾಗಿದೆ.

ವಿದೇಶದವರು ನೋಡಿದರೆ ಏನಂದುಕೊಳ್ಳುತ್ತಾರೆ ಎನ್ನುತ್ತೀಯಲ್ಲ, ಏನಂದುಕೊಳ್ಳುತ್ತಾರೆ? ಇಲ್ಲಿ ಜನ ಇದ್ದಾರೆ ಎಂದುಕೊಳ್ಳುತ್ತಾರೆ. ಉಣ್ಣುತ್ತಾರೆ ಎಂದುಕೊಳ್ಳುತ್ತಾರೆ. ಅವರ ಊರಲ್ಲಿ ಏನು, ಹೆಂಗಸರು ಗಾಳಿ ತಿಂದು ಬದುಕುತ್ತಾರೆಯೇ? ಅತಿಥಿ ಬರುವಾಗ ಮನೆ ಗುಡಿಸಬೇಕು, ಒಪ್ಪುತ್ತೇನೆ. ಮನೆಯವರನ್ನೇ ಗುಡಿಸಿ ಮೂಲೆಗೆ ಹಾಕುವುದನ್ನು ನಾನು ಎಲ್ಲೂ ಕಂಡಿಲ್ಲ.

ಇಮ್ಸಿಲ್‌ಳ ಜಾಡಿಗಳನ್ನು ಗಾಡಿಯಲ್ಲಿಟ್ಟು ಇಬ್ಬರೂ ತಳ್ಳಿಕೊಂಡು ಬಂದೆವು. ನನ್ನವು ಒಳಗೇ ಉಳಿದವು. ದಾರಿಯುದ್ದಕ್ಕೂ ಅವಳು ತನ್ನ ತೋಳು ಉಜ್ಜಿಕೊಳ್ಳುತ್ತಲೇ ಬಂದಳು. ಮನೆಗೆ ಬಂದರೆ ಜೊಂಗ್ತೆಯ ಹೆಂಡತಿ ಅಂಗಡಿಯ ಬಾಟಲಿ ರಸ ಹಾಕಿ ಸಾರು ಮಾಡಿಟ್ಟಿದ್ದಳು. ಬಾಯಿಗಿಟ್ಟೆ. ಸಕ್ಕರೆ ನೀರಿಗೆ ಮಸಿ ಬೆರೆಸಿದ ಹಾಗಿತ್ತು. ತಟ್ಟೆ ಸರಿಸಿ ಎದ್ದೆ.

ನಿನ್ನ ತಮ್ಮ ಹೇಳುತ್ತಾನೆ, ಅಕ್ಕ ಪಂದ್ಯಕ್ಕೆ ಟಿಕೆಟ್ ಕಳಿಸುತ್ತಾಳಂತೆ, ಅಮ್ಮನಿಗೆ ಒಂದು, ಒಳ್ಳೆಯ ಜಾಗದ್ದು. ಕಳಿಸಬೇಡ. ನನ್ನ ಜಾಡಿಗಳು ಕಾಲಡಿಯಲ್ಲಿ ಉಸಿರುಕಟ್ಟಿ ಸಾಯುತ್ತಿರುವಾಗ ಮೇಲೆ ಕೂತು ಚಪ್ಪಾಳೆ ತಟ್ಟಲು ನನ್ನ ಕೈಗೆ ಬರುವುದಿಲ್ಲ. ಹಣ್ಣಿನ ಬುಟ್ಟಿಯನ್ನೂ ಕಳಿಸಬೇಡ. ಜೊಂಗ್ತೆಯ ಕೈಲಿ ಸಮಾಧಾನದ ಮಾತನ್ನೂ ಕಳಿಸಬೇಡ, ಅವನಿಗೆ ಅರ್ಧ ದಾರಿಯಲ್ಲೇ ಮರೆತುಹೋಗುತ್ತದೆ.

ಬರುವುದಿದ್ದರೆ ನೀನೇ ಬಾ. ಕೋಟು ಹಾಕಿಕೊಂಡು ಬರಬೇಡ. ಹಗಲಲ್ಲಿ ಬಾ, ಬೀದಿಯ ಆ ತುದಿಯಿಂದ ನಡೆದುಕೊಂಡು ಬಾ, ಬಾಂಗ್ ನೋಡಲಿ, ಇಮ್ಸಿಲ್ ನೋಡಲಿ, ಮೀನಿನವನು ನೋಡಲಿ. ನಮ್ಮ ಮನೆ ಬಾಗಿಲಲ್ಲಿ ನಿಂತು ಅಮ್ಮಾ ಎಂದು ಕೂಗು. ನಾನು ಬಾಗಿಲು ತೆಗೆಯುತ್ತೇನೆಂದು ಈಗಲೇ ಮಾತು ಕೊಡುವುದಿಲ್ಲ. ಮೊದಲು ಕೂಗು, ಆಮೇಲೆ ನೋಡೋಣ.

ಇಷ್ಟಕ್ಕೆ ಮುಗಿಸುತ್ತೇನೆ. ಬೆರಳು ನೋಯುತ್ತಿದೆ, ಸಿಟ್ಟು ಮಾತ್ರ ಇನ್ನೂ ದಣಿದಿಲ್ಲ.

ಇಂತು,
ಪಕ್ಕದ ಬೀದಿಯ ಅಜ್ಜಿ
ಯಾಂಗ್ ಗಪ್ಸುನ್

ಮರೆತಿದ್ದೆ: ನೀನು ಅತಿಥಿಗಳನ್ನು ಕರೆದುಕೊಂಡು ಒಳಗೆ ಹೋದ ಮೇಲೆ ಆ ಕಾವಲಿನವನು ನನ್ನ ಹತ್ತಿರ ಬಂದ. "ಅಮ್ಮಾ, ಆ ಮೇಡಂ ನಿಮ್ಮ ಮಗಳಲ್ವಾ? ಹಣೆ, ಮೂಗು ಎಲ್ಲ ಅಚ್ಚು ಹಾಕಿದ ಹಾಗಿದೆ. ಹೂಂ ಅನ್ನಿ ಸಾಕು, ಈಗಲೇ ಬಾಗಿಲು ತೆಗೆದು ನಿಮ್ಮ ಜಾಡಿ ಎಲ್ಲಾ ಕೊಟ್ಟುಬಿಡ್ತೀನಿ" ಎಂದ. ನಿನ್ನ ಮೇಲಧಿಕಾರಿ ಇನ್ನೂ ಗೇಟಿನ ಒಳಗೇ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ, ಕಿವಿ ಇತ್ತ ಕಡೆಗೇ ಇತ್ತು. ಇಮ್ಸಿಲ್ "ಇವಳು ಮಿರಾನ್ ಅ—" ಎನ್ನುವಷ್ಟರಲ್ಲಿ ಅವಳ ತೋಳು ಚಿವುಟಿದೆ, ಈಗಲೂ ನೀಲಿಗಟ್ಟಿದೆಯಂತೆ. "ನನಗೆ ಹೆಣ್ಣುಮಕ್ಕಳಿಲ್ಲ ಕಣಪ್ಪ. ಒಬ್ಬನೇ ಮಗ, ಟ್ಯಾಕ್ಸಿ ಓಡಿಸ್ತಾನೆ" ಎಂದೆ, ನಿನ್ನ ಸಾಹೇಬನಿಗೂ ಕೇಳಿಸುವ ಹಾಗೆ. ಲಕೋಟೆಯ ಮೇಲೆ ನನ್ನ ಹೆಸರನ್ನೂ ಬರೆದಿಲ್ಲ, ಆಫೀಸಿಗೆ ಕಳಿಸದೆ ನಿನ್ನ ಮನೆಗೇ ಕಳಿಸುತ್ತಿದ್ದೇನೆ. ಯಾರಾದರೂ ವಿಚಾರಿಸಿದರೆ ನೀನೂ ಹಾಗೇ ಹೇಳು, ನಮ್ಮಿಬ್ಬರ ಮಾತು ಬೇರೆ ಬೇರೆ ಆಗಬಾರದು.